ಕೈ ತಡೆದ ಕಡೆ

ಪತ್ತನಾಜೆ ಕಳೆದು ನಾಲ್ಕು ದಿನವಾಗಿತ್ತು. ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ್ದವು, ಮಳೆ ಇನ್ನೂ ಹಿಡಿದಿರಲಿಲ್ಲ. ಪುತ್ತೂರು ಪೇಟೆಯ ಒಂದು ಹಳೆಯ ಸ್ಟುಡಿಯೊದ ಮಹಡಿಯಲ್ಲಿ ಮೂವರು ಒಂದು ಲ್ಯಾಪ್‌ಟಾಪಿನ ಮುಂದೆ ಕುಳಿತಿದ್ದರು. ಒಬ್ಬರು ಆ ಸ್ಟುಡಿಯೊ ಕಟ್ಟಿದ ಹಿರಿಯರು. ಕೆಂಪು ದೀಪದ ಅಡಿಯಲ್ಲಿ ಮೂವತ್ತು ವರ್ಷ ಪಟ ತೊಳೆದವರು. ಇನ್ನೊಬ್ಬಳು ತೆಂಕುತಿಟ್ಟಿನ ಆಟಗಳ ಹಿಂದೆ ಆರು ತಿಂಗಳು ನಿದ್ದೆಗೆಟ್ಟು ನಾಲ್ಕು ಸಾವಿರ ಚಿತ್ರ ತೆಗೆದ ಯುವತಿ. ಮೂರನೆಯವನು ಬೆಂಗಳೂರಿನಲ್ಲಿ ತಂತ್ರಾಂಶಗಳ ಪರದೆ ವಿನ್ಯಾಸ ಮಾಡುವವನು, ರಜೆಗೆ ಊರಿಗೆ ಬಂದವನು. ಬಳಸುವವರ ಹಿಂದೆ ಸುಮ್ಮನೆ ಕುಳಿತು, ಅವರ ಕೈ ಎಲ್ಲಿ ತಡೆಯುತ್ತದೆ ಎಂದು ಬರೆದುಕೊಳ್ಳುವುದು ಅವನ ಕಸುಬಿನ ದೊಡ್ಡ ಭಾಗ.

"ನಾನು ಏನೂ ಹೇಳಿಕೊಡುವುದಿಲ್ಲ," ಎಂದ ಅವನು, ಮಡಿಲಲ್ಲಿ ಪುಸ್ತಕ ಬಿಡಿಸಿಕೊಂಡು. "ಒಂದು ಚಿತ್ರ ಆರಿಸಿಕೋ, ಕೊನೆಯವರೆಗೆ ಮಾಡು. ಮನಸ್ಸಿಗೆ ಬಂದದ್ದನ್ನು ಬಾಯಿಬಿಟ್ಟು ಹೇಳುತ್ತಾ ಹೋಗು. ಇದು ನಿನ್ನ ಪರೀಕ್ಷೆಯಲ್ಲ, ತಂತ್ರಾಂಶದ ಪರೀಕ್ಷೆ."

ಅವಳು ಡಾರ್ಕ್‌ಟೇಬಲ್ ತೆರೆದಳು. ಜೊಹಾನೆಸ್ ಹಾನಿಕಾ ಎಂಬವರು ಆರಂಭಿಸಿ 2009ರಲ್ಲಿ ಹೊರಬಿಟ್ಟ, ಇಂದು ಹಲವು ದೇಶಗಳ ಸ್ವಯಂಸೇವಕರು ಬೆಳೆಸುತ್ತಿರುವ, ಕ್ಯಾಮೆರಾದ ರಾ ಫೈಲುಗಳನ್ನು ತಿದ್ದುವ, ದುಡ್ಡು ಕೊಡಬೇಕಿಲ್ಲದ ತಂತ್ರಾಂಶ ಅದು. ವೇಷ ಕಟ್ಟುವ ಚೌಕಿಯಲ್ಲಿ ಕುಳಿತ ಬಣ್ಣದ ವೇಷದ ಚಿತ್ರವೊಂದನ್ನು ಅವಳು ಒತ್ತಿದಳು. ಮುಖದ ಮೇಲೆ ಅಕ್ಕಿಹಿಟ್ಟಿನ ಬಿಳಿ ಚುಟ್ಟಿ, ಕಣ್ಣ ಸುತ್ತ ಕೆಂಪು, ಹಣೆಯಲ್ಲಿ ಕಪ್ಪು. ಒಂದು ಕ್ಷಣ ಚಿತ್ರ ಝಗ್ಗನೆ ಹೊಳೆಯಿತು. ಮರುಕ್ಷಣ ಬೇರೆಯೇ ಆಯಿತು: ಕೆಂಪು ತಣ್ಣಗಾಯಿತು, ನೆರಳು ಬೂದಿಯಾಯಿತು.

"ಇದೇ! ಪ್ರತಿ ಸಲವೂ ಹೀಗೆ," ಎಂದಳು ಅವಳು. "ಮೊದಲು ಚಂದ ತೋರಿಸುತ್ತದೆ, ಆಮೇಲೆ ಕಿತ್ತುಕೊಳ್ಳುತ್ತದೆ. ಮೊದಲ ವಾರ ಕಾರ್ಡೇ ಹಾಳಾಗಿದೆ ಅಂದುಕೊಂಡಿದ್ದೆ."

ವಿನ್ಯಾಸಕಾರ ಬರೆದುಕೊಂಡ. ಅದು ಮೊದಲನೆಯ ತಡೆ.

ಸುಮ್ಮನಿರಬೇಕಾದವನು ಅವನು; ಹಿರಿಯರಿಗೆ ಆ ಕಟ್ಟು ಇರಲಿಲ್ಲ. "ಹಾಳಾದದ್ದಲ್ಲ ಮಗಳೇ. ಮೊದಲು ಕಂಡದ್ದು ಕ್ಯಾಮೆರಾ ಹೇಳಿದ ಅರ್ಥ. ಈಗ ಕಾಣುತ್ತಿರುವುದು ಪದ್ಯ."

ಆಟ ನೋಡಿ ಬೆಳೆದವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ. ಪ್ರಸಂಗದ ಪುಸ್ತಕದಲ್ಲಿ ಇರುವುದು ಪದ್ಯ ಮಾತ್ರ. ಅರ್ಥ ಹೇಳುವವನು ಕಲಾವಿದ. ಒಂದೇ ಪದ್ಯಕ್ಕೆ ಒಬ್ಬ ಮೂರು ಮಾತಿನಲ್ಲಿ ಮುಗಿಸಿದರೆ ಇನ್ನೊಬ್ಬ ಅರ್ಧ ಗಂಟೆ ನಿಲ್ಲುತ್ತಾನೆ. ರಾ ಫೈಲಿನಲ್ಲಿಯೂ ಇರುವುದು ಸಂವೇದಕ ಬರೆದುಕೊಂಡ ಬೆಳಕಿನ ಲೆಕ್ಕ ಮಾತ್ರ. ಆ ಲೆಕ್ಕಕ್ಕೆ ಬಣ್ಣವೂ ಇಲ್ಲ. ಕೊಡಕ್ ಕಂಪನಿಯ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ಜೋಡಣೆಯಂತೆ ಸಂವೇದಕದ ಒಂದೊಂದು ಬಿಂದುವಿನ ಮೇಲೂ ಕೆಂಪು, ಹಸಿರು, ನೀಲಿಗಳಲ್ಲಿ ಒಂದೇ ಒಂದು ಬಣ್ಣದ ಗಾಜು ಕುಳಿತಿರುತ್ತದೆ. ಅರ್ಧದಷ್ಟು ಬಿಂದುಗಳಿಗೆ ಹಸಿರು, ಉಳಿದವಕ್ಕೆ ಕಾಲುಕಾಲು ಪಾಲು ಕೆಂಪು ಮತ್ತು ನೀಲಿ. ತನ್ನ ಬಿಂದುವಿನಲ್ಲಿ ಇಲ್ಲದ ಎರಡು ಬಣ್ಣಗಳನ್ನು ನೆರೆಯವರನ್ನು ಕೇಳಿ ತುಂಬಿಸಿಕೊಳ್ಳಬೇಕು. ಆ ತುಂಬಿಸುವಿಕೆಯಿಂದ ಹಿಡಿದು ಕೊನೆಯ ಹೊಳಪಿನವರೆಗೆ ಎಲ್ಲವೂ ಅರ್ಥಗಾರಿಕೆಯೇ.

"ಹಾಗಾದರೆ ಆ ಮೊದಲ ಚಿತ್ರ ಎಲ್ಲಿಂದ ಬಂತು?"

"ಫೈಲಿನ ಒಳಗೇ ಒಂದು ಜೆಪೆಗ್ ಅಡಗಿರುತ್ತದೆ," ಎಂದ ವಿನ್ಯಾಸಕಾರ, ಮೌನ ಮುರಿದು. "ಕ್ಯಾಮೆರಾ ತನ್ನ ರುಚಿಗೆ ಅಡುಗೆ ಮಾಡಿ ಇಟ್ಟದ್ದು. ಕ್ಯಾಮೆರಾದ ಬೆನ್ನಲ್ಲಿ ನೀನು ನೋಡುವುದು ಅದನ್ನೇ. ಅಲ್ಲಿ ತೋರುವ ಹಿಸ್ಟೊಗ್ರಾಮ್ ಕೂಡ ಆ ಜೆಪೆಗ್‌ನದು, ರಾ ಲೆಕ್ಕದ್ದಲ್ಲ. ತಂತ್ರಾಂಶ ಬೇಗ ಏನಾದರೂ ತೋರಿಸಬೇಕು ಎಂದು ಅದನ್ನು ಮೊದಲು ಹಾಕುತ್ತದೆ, ತನ್ನ ಲೆಕ್ಕ ಮುಗಿದ ಮೇಲೆ ಬದಲಿಸುತ್ತದೆ. ಹೆಚ್ಚು ಕಡಿಮೆ ಎಲ್ಲ ರಾ ತಂತ್ರಾಂಶಗಳೂ ಹೀಗೇ ಮಾಡುತ್ತವೆ. ಕೆಲಸವಾಗಿ ಅದು ಸರಿ. ಆದರೆ ಬದಲಿಸಿದೆ ಎಂದು ಹೇಳುವುದಿಲ್ಲವಲ್ಲ, ಅದು ತಪ್ಪು. ಬಳಕೆಯ ಸುಲಭತೆಯ ಬಗ್ಗೆ ಬರೆದವರಲ್ಲಿ ಯಾಕೊಬ್ ನೀಲ್ಸನ್ ದೊಡ್ಡ ಹೆಸರು. ಅವರು ಪಟ್ಟಿ ಮಾಡಿದ ಹತ್ತು ಸೂತ್ರಗಳಲ್ಲಿ ಮೊದಲನೆಯದೇ ಇದು: ಈಗ ಏನು ನಡೆಯುತ್ತಿದೆ ಎಂದು ಯಂತ್ರ ಬಳಸುವವರಿಗೆ ತೋರಿಸುತ್ತಿರಬೇಕು. 'ಇದು ಕ್ಯಾಮೆರಾದ ಚಿತ್ರ, ಇನ್ನು ಮುಂದಿನದು ನಿಮ್ಮದು' ಎಂದು ಮೂಲೆಯಲ್ಲಿ ಒಂದು ಸಾಲು ಇದ್ದಿದ್ದರೆ ನೀನು ಒಂದು ವಾರ ಕಾರ್ಡನ್ನು ದೂರುತ್ತಿರಲಿಲ್ಲ."

ಅವಳು ಮುಂದಕ್ಕೆ ಹೋದಳು. ಬಲಗಡೆಯ ಉದ್ದ ಪಟ್ಟಿಯಲ್ಲಿ ಬೆಳಕಿನ ಬಣ್ಣ ಸರಿಮಾಡುವ ಜಾಗ ಹುಡುಕಿದಳು. ಚೌಕಿಯಲ್ಲಿ ಆ ರಾತ್ರಿ ಬಿಳಿ ಟ್ಯೂಬ್‌ಲೈಟ್ ಒಂದು ಕಡೆಯಿಂದ, ಬಣ್ಣಗಾರನ ಪೆಟ್ಟಿಗೆಯ ಬಳಿಯ ಹಳದಿ ಬಲ್ಬು ಇನ್ನೊಂದು ಕಡೆಯಿಂದ ಬೆಳಗುತ್ತಿದ್ದವು. ಕ್ಯಾಮೆರಾ ತಾನೇ ಊಹಿಸಿ ಮಾಡಿದ ವೈಟ್ ಬ್ಯಾಲೆನ್ಸ್ ಮುಖದ ಅರದಾಳದ ಹಳದಿಯನ್ನು ಬಲ್ಬಿನ ಹಳದಿಯೆಂದು ತಿಳಿದು ತೆಗೆದುಹಾಕಿತ್ತು. ಇಂಗಳೀಕದ ಕೆಂಪು ಗುಲಾಬಿಯಾಗಿ ನಿಂತಿತ್ತು.

"ವೇಷ ಕಟ್ಟಿದವರು ಎರಡು ಗಂಟೆ ಕೂತು ಬರೆದ ಬಣ್ಣ ಇದು," ಎಂದಳು ಅವಳು. "ಕ್ಯಾಮೆರಾ ಒಂದು ಕ್ಷಣದಲ್ಲಿ ತೊಳೆದುಬಿಟ್ಟಿದೆ. ರಾ ಇಲ್ಲದಿದ್ದರೆ ಈ ಹಳದಿ ನನಗೆ ಸುಲಭಕ್ಕೆ ಸಿಗುತ್ತಿರಲಿಲ್ಲ."

ಇದು ನಿಜ. ಜೆಪೆಗ್‌ನಲ್ಲಿ ಬೆಳಕಿನ ಬಣ್ಣದ ತೀರ್ಮಾನ ಚಿತ್ರದೊಳಗೆ ಬೆಂದುಹೋಗಿರುತ್ತದೆ. ರಾ ಫೈಲಿನಲ್ಲಿ ಅದು ಜೊತೆಗಿಟ್ಟ ಒಂದು ಟಿಪ್ಪಣಿ ಮಾತ್ರ. ಬಲ್ಬಿಗೆ ಸುಮಾರು 2,800 ಕೆಲ್ವಿನ್, ನಡುಹಗಲಿಗೆ ಸುಮಾರು 5,500 ಎಂದು ಯಾವಾಗ ಬೇಕಾದರೂ ತಿದ್ದಬಹುದು, ಚಿತ್ರಕ್ಕೆ ಗಾಯವಾಗುವುದಿಲ್ಲ. ಜೆಪೆಗ್ ಒಂದೊಂದು ಬಣ್ಣಕ್ಕೂ ಇಡುವುದು 256 ಮೆಟ್ಟಿಲು. 14 ಬಿಟ್ ರಾ ಫೈಲು ಇಡುವುದು 16,384.

ಅವಳು 'ವೈಟ್ ಬ್ಯಾಲೆನ್ಸ್' ತೆರೆದು ಸ್ಲೈಡರ್ ಎಳೆದಳು. ಒಡನೆಯೇ ಪರದೆಯಲ್ಲಿ ಕೆಂಪಕ್ಷರದ ಎಚ್ಚರಿಕೆ ಮೂಡಿತು: ಬೆಳಕಿನ ತಿದ್ದುಪಡಿ ಎರಡು ಬಾರಿ ಆಗುತ್ತಿದೆ ಎಂದು. ಕೈ ನಿಂತಿತು.

"ಎರಡು ಬಾರಿ ಎಲ್ಲಿ? ನಾನು ಒಂದೇ ಸಲ ಎಳೆದದ್ದು."

ಹಿಂದಿನಿಂದ ಪೆನ್ನಿನ ಸದ್ದು. 2020ರ ಡಿಸೆಂಬರಿನಲ್ಲಿ ಬಂದ 3.4ನೆಯ ಆವೃತ್ತಿಯಿಂದ ಡಾರ್ಕ್‌ಟೇಬಲ್‌ನಲ್ಲಿ ಈ ಕೆಲಸಕ್ಕೆ ಎರಡು ಮನೆಗಳಿವೆ. ಹಳೆಯ 'ವೈಟ್ ಬ್ಯಾಲೆನ್ಸ್' ಈಗ ಕ್ಯಾಮೆರಾದ ಮೂಲ ಅಳತೆಯಲ್ಲಿ ಸುಮ್ಮನಿರಬೇಕು. ನಿಜವಾದ ತಿದ್ದುಪಡಿ ನಡೆಯುವುದು 'ಕಲರ್ ಕ್ಯಾಲಿಬ್ರೇಶನ್' ಎಂಬ ಹೊಸ ಮನೆಯಲ್ಲಿ. ಹಳೆಯ ಮನೆಗೆ ಹೆಸರು ಹಾಗೆಯೇ ಇದೆ, ಬಾಗಿಲೂ ತೆರೆದೇ ಇದೆ. ಹೊಸಬರು ಹೋಗುವುದು ಅಲ್ಲಿಗೇ.

"ನೋಡಿ, ಇದನ್ನೇ ನಾನು ಕೆಟ್ಟ ವಿನ್ಯಾಸ ಅನ್ನುವುದು," ಎಂದ ಅವನು. "ಮುಟ್ಟಬಾರದ ಗುಂಡಿಗೆ ಎಲ್ಲರಿಗೂ ಗೊತ್ತಿರುವ ಹೆಸರು. ಮುಟ್ಟಬೇಕಾದ ಗುಂಡಿಗೆ ಯಾರಿಗೂ ಗೊತ್ತಿಲ್ಲದ ಹೆಸರು. ಅಡೋಬಿಯ ಲೈಟ್‌ರೂಮ್‌ನಲ್ಲಿ ಮೊದಲ ಫಲಕದ ತುದಿಯಲ್ಲೇ ಎರಡು ಸ್ಲೈಡರ್ ಇವೆ. ಒಂದು ನೀಲಿಯಿಂದ ಹಳದಿಗೆ, ಒಂದು ಹಸಿರಿನಿಂದ ನೇರಳೆಗೆ. ಪಟ್ಟಿಯ ಮೇಲೆಯೇ ಬಣ್ಣ ಬಳಿದಿದ್ದಾರೆ. ಓದು ಬಾರದವರೂ ಎಳೆಯಬಹುದು."

"ಆದರೆ ಇಲ್ಲಿ ದೀಪ ಎಷ್ಟಿವೆ?" ಎಂದರು ಹಿರಿಯರು. ಅವರು ಪರದೆಯ ಹತ್ತಿರಕ್ಕೆ ಬಾಗಿದ್ದರು. "ಎಡಗೆನ್ನೆಗೆ ಟ್ಯೂಬು, ಬಲಗೆನ್ನೆಗೆ ಬಲ್ಬು. ಎರಡಕ್ಕೂ ಒಂದೇ ಸ್ಲೈಡರ್ ಎಳೆದರೆ ಒಂದು ಕೆನ್ನೆ ಸರಿಹೋಗಿ ಇನ್ನೊಂದು ನೀಲಿಗಟ್ಟುತ್ತದೆ. ಈ ಹೊಸ ಮನೆಯನ್ನು ಯಾಕೆ ಕಟ್ಟಿದ್ದಾರೆ ಎಂದು ಮೊದಲು ಕೇಳಿ."

ಅವಳು ಉತ್ತರ ಕೊಟ್ಟಳು, ಮಾಡಿ ತೋರಿಸಿ. 'ಕಲರ್ ಕ್ಯಾಲಿಬ್ರೇಶನ್' ತೆರೆದು ಟ್ಯೂಬಿನ ಬೆಳಕಿಗೆ ಒಂದು ಲೆಕ್ಕ ಇಟ್ಟಳು. ಅದೇ ಮನೆಯ ಇನ್ನೊಂದು ಪ್ರತಿ ತೆರೆದು, ಬಲಗೆನ್ನೆಯ ಸುತ್ತ ಮಾಸ್ಕ್ ಬರೆದು, ಬಲ್ಬಿಗೆ ಬೇರೆ ಲೆಕ್ಕ ಇಟ್ಟಳು. ಅರದಾಳ ಎರಡೂ ಕೆನ್ನೆಯಲ್ಲಿ ಒಂದೇ ಹಳದಿಯಾಗಿ ಮರಳಿತು. ಇಂಗಳೀಕ ಕೆಂಪಾಯಿತು. ಚುಟ್ಟಿಯ ಮೇಲಿನ ಹೊಳಪನ್ನು ಇಳಿಸಿದಾಗ, ಬರಿ ಬಿಳಿ ಹಾಳೆಯಂತಿದ್ದ ಕಡೆ ಅಕ್ಕಿಹಿಟ್ಟಿನ ಒಂದೊಂದು ಮುಳ್ಳೂ ಎದ್ದು ಬಂತು.

ಮೂವರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

"ಒಪ್ಪಿದೆ," ಎಂದ ವಿನ್ಯಾಸಕಾರ. "ಕೆಲಸ ಕಷ್ಟದ್ದಾದರೆ ಸಲಕರಣೆಯೂ ಹಗುರಾಗಿರಲಾರದು. ಗುಂಡಿ ಕಡಿಮೆ ಮಾಡುವುದೇ ಸುಲಭತೆ ಎಂದು ನಮ್ಮ ಕಸುಬಿನಲ್ಲೇ ಬಹಳ ಜನ ನಂಬಿದ್ದಾರೆ. ಅದು ತಪ್ಪು. ಆದರೆ ನನ್ನ ದೂರು ಉಳಿಯುತ್ತದೆ. ಆ ಕೆಂಪು ಎಚ್ಚರಿಕೆ 'ಇಲ್ಲಿ ಅಲ್ಲ, ಅಲ್ಲಿ' ಎಂದು ಕೈಹಿಡಿದು ಹೊಸ ಮನೆಗೆ ಕರೆದುಕೊಂಡು ಹೋಗಬಹುದಿತ್ತು. ಬೈದು ನಿಲ್ಲಿಸುವ ಬದಲು."

ಹಿರಿಯರಿಗೆ ತಮ್ಮ ಡಾರ್ಕ್‌ರೂಮ್ ನೆನಪಾಯಿತು. ಡಿ-76 ಡೆವಲಪರ್ 20 ಡಿಗ್ರಿಯಲ್ಲಿರಬೇಕು ಎಂದು ಪೊಟ್ಟಣದಲ್ಲಿ ಬರೆದಿರುತ್ತಿತ್ತು. ಏಪ್ರಿಲ್ ತಿಂಗಳಲ್ಲಿ ಪುತ್ತೂರಿನ ನಲ್ಲಿ ನೀರು 30ರ ಹತ್ತಿರ. ಮಂಜುಗಡ್ಡೆ ತರಿಸಿ, ತಟ್ಟೆಯ ಕೆಳಗೆ ಇನ್ನೊಂದು ತಟ್ಟೆ ಇಟ್ಟು ತಣಿಸಬೇಕಿತ್ತು. "ಕಷ್ಟ ಬಹಳ ಇತ್ತು," ಎಂದರು. "ಆದರೆ ಯಾವುದರ ನಂತರ ಯಾವುದು ಎಂಬ ಗೊಂದಲ ಮಾತ್ರ ಒಂದು ದಿನವೂ ಇರಲಿಲ್ಲ. ಡೆವಲಪರ್, ಸ್ಟಾಪ್ ಬಾತ್, ಹೈಪೊ, ಆಮೇಲೆ ನೀರು. ತಟ್ಟೆಗಳು ಮೇಜಿನ ಮೇಲೆ ಅದೇ ಸಾಲಿನಲ್ಲಿ ಕೂತಿರುತ್ತಿದ್ದವು. ಕತ್ತಲಲ್ಲೂ ಕೈಗೆ ಗೊತ್ತಾಗುತ್ತಿತ್ತು. ಕಲಿಯಲು ಬಂದ ಹುಡುಗರಿಗೆ ಮೂರನೇ ದಿನಕ್ಕೆ ಬಂದುಬಿಡುತ್ತಿತ್ತು."

"ಇಲ್ಲಿ ಸಾಲು ಯಾವುದು?" ಎಂದು ಅವಳು ಕೇಳಿದಳು. "ಎಡಗಡೆ ನಾನು ಮಾಡಿದ ಕೆಲಸಗಳ ಪಟ್ಟಿ ಒಂದು. ಬಲಗಡೆ ಮನೆಗಳ ಪಟ್ಟಿ ಇನ್ನೊಂದು. ಎರಡೂ ಬೇರೆಬೇರೆ ಸಾಲಿನಲ್ಲಿವೆ. ಚಿತ್ರಕ್ಕೆ ಯಾವ ಸಾಲು ನಡೆಯುತ್ತದೆ?"

ಇದು ಮೂರನೆಯ ತಡೆ, ಮತ್ತು ಮೂರರಲ್ಲಿ ಆಳವಾದದ್ದು. ಫೋಟೊಶಾಪ್ ಅಥವಾ ಗಿಂಪ್‌ನಲ್ಲಿ ಪದರಗಳ ಮೇಲೆ ಕೆಲಸ ಮಾಡಿದವರಿಗೆ ಮೊದಲು ಮಾಡಿದ್ದು ಕೆಳಗೆ, ಆಮೇಲೆ ಮಾಡಿದ್ದು ಮೇಲೆ ಎಂಬ ಅಭ್ಯಾಸ ಇರುತ್ತದೆ. ರಾ ತಂತ್ರಾಂಶದ ಒಳಗು ಬೇರೆ. ಮೊದಲು ಗದ್ದಲ (ನಾಯ್ಸ್) ತೆಗೆದು ಆಮೇಲೆ ಬೆಳಕು ಏರಿಸಿದರೂ ಒಂದೇ, ಮೊದಲು ಬೆಳಕು ಏರಿಸಿ ಆಮೇಲೆ ಗದ್ದಲ ತೆಗೆದರೂ ಒಂದೇ. ತಂತ್ರಾಂಶ ತನ್ನ ಕೊಳವೆಯ ಕ್ರಮದಲ್ಲೇ ಲೆಕ್ಕ ಹಾಕುತ್ತದೆ. ಡಾರ್ಕ್‌ಟೇಬಲ್‌ನಲ್ಲಿ ಆ ಕೊಳವೆ ಬಲಗಡೆಯ ಪಟ್ಟಿಯ ಬುಡದಿಂದ ತುದಿಗೆ ಹರಿಯುತ್ತದೆ. ಎಡಗಡೆಯದು ಬರೀ ದಿನಚರಿ. ಲೈಟ್‌ರೂಮ್‌ನಲ್ಲಿ ಕೊಳವೆ ಕಣ್ಣಿಗೇ ಕಾಣುವುದಿಲ್ಲ. ಸ್ಲೈಡರುಗಳು ಮೇಲಿಂದ ಕೆಳಕ್ಕೆ ಮನುಷ್ಯರು ಯೋಚಿಸುವ ಕ್ರಮದಲ್ಲಿ ಕೂತಿವೆ, ಒಳಗಿನ ಲೆಕ್ಕದ ಕ್ರಮ ಕಂಪನಿಗೆ ಬಿಟ್ಟದ್ದು.

"ಅಡಗಿಸಿದ್ದು ಒಳ್ಳೆಯದೋ, ತೋರಿಸಿದ್ದು ಒಳ್ಳೆಯದೋ?" ಎಂದು ಹಿರಿಯರು ಕೇಳಿದರು.

"ಮದುವೆಯ ಎರಡು ಸಾವಿರ ಚಿತ್ರ ಸೋಮವಾರಕ್ಕೆ ಕೊಡಬೇಕಾದವರಿಗೆ ಅಡಗಿಸಿದ್ದೇ ಒಳ್ಳೆಯದು," ಎಂದ ಅವನು. "ಅವರಿಗೆ ಬೇಕಾದದ್ದು ಒಂದು ಚಿತ್ರಕ್ಕೆ ಮಾಡಿದ್ದನ್ನು ಮುನ್ನೂರಕ್ಕೆ ಅಂಟಿಸುವ ದಾರಿ. ಆರಿಸುವುದಕ್ಕಂತೂ ರಾ ಲೆಕ್ಕವನ್ನೇ ಮುಟ್ಟದೆ ಒಳಗಿನ ಜೆಪೆಗ್‌ ಮಾತ್ರ ತೋರಿಸಿ ಓಡುವ ಫೋಟೊ ಮೆಕ್ಯಾನಿಕ್‌ನಂಥವು ಇವೆ, ಪತ್ರಿಕೆಯವರು ಅದನ್ನೇ ನೆಚ್ಚಿದ್ದಾರೆ. ಆದರೆ ಕಲಿಯಬೇಕು ಎನ್ನುವವರಿಗೆ ಕೊಳವೆ ಕಾಣಬೇಕು. ಕಾಣುವುದಾದರೆ ಬಲಗಡೆಯ ಪಟ್ಟಿಯ ಬುಡದಲ್ಲಿ 'ಇಲ್ಲಿಂದ ಬೆಳಕು ಒಳಗೆ' ಎಂದು, ತುದಿಯಲ್ಲಿ 'ಇಲ್ಲಿಂದ ಪರದೆಗೆ' ಎಂದು ಬರೆದಿರಬೇಕು. ತೋರಿಸಿ ಹೆಸರಿಡದಿದ್ದರೆ ಅಡಗಿಸಿದ್ದಕ್ಕಿಂತ ಕೆಟ್ಟದ್ದು."

ಅರವತ್ತಕ್ಕೂ ಮಿಕ್ಕಿದ ಆ ಮನೆಗಳಲ್ಲಿ ತಾನು ಬಳಸುವುದು ಒಂಬತ್ತೇ ಎಂದು ಅವಳು ಹೇಳಿದಳು. ಆ ಒಂಬತ್ತನ್ನೇ ಆರಿಸಿ ಬೇರೆ ಗುಂಪು ಮಾಡಿಕೊಂಡಿದ್ದಳು. ಅದಕ್ಕೆ ತಂತ್ರಾಂಶದಲ್ಲಿ ಅವಕಾಶವಿದೆ. ಗುಂಪಿಗೆ 'ರಂಗಸ್ಥಳ' ಎಂದು ಹೆಸರಿಟ್ಟಿದ್ದಳು. ಅವಳೇ ಇಟ್ಟ ಆ ಹೆಸರನ್ನು ನೋಡಿ ವಿನ್ಯಾಸಕಾರ ಪುಸ್ತಕದಲ್ಲಿ ಒಂದು ಗೆರೆ ಎಳೆದ. ತಡೆಯ ಗುರುತಲ್ಲ ಅದು, ಕೈ ಸರಾಗ ಹರಿದ ಕಡೆಯ ಗುರುತು.

ಮುಂದಿನ ಚಿತ್ರ ರಂಗಸ್ಥಳದ್ದೇ. ಮಹಿಷಾಸುರ ಸಭೆಯ ನಡುವಿನಿಂದ ನುಗ್ಗಿ ಬರುತ್ತಿದ್ದಾನೆ. ಮೇಳದವರು ಆ ಹೊತ್ತಿಗೆ ಕೆಂಪು ಎಲ್‌ಇಡಿ ಹಾಕಿದ್ದಾರೆ. ಮುಖ ಬೆಂಕಿಯ ಉಂಡೆಯಂತೆ ಒಂದೇ ಬಣ್ಣ. ಕ್ಯಾಮೆರಾದ ಹಿಸ್ಟೊಗ್ರಾಮ್ ಎಲ್ಲ ಸರಿ ಎಂದೇ ಹೇಳಿತ್ತು.

"ಗ್ಯಾಸ್‌ಲೈಟಿನ ಕಾಲದಲ್ಲಿ ಈ ಪಾಡಿರಲಿಲ್ಲ," ಎಂದರು ಹಿರಿಯರು. "ಬೆಳಕು ಕಡಿಮೆ, ಆದರೆ ಎಲ್ಲ ಬಣ್ಣಕ್ಕೂ ಪಾಲು ಸಿಗುತ್ತಿತ್ತು."

ಈಗಿನ ಕೆಂಪು ಎಲ್‌ಇಡಿ ಕೊಡುವುದು ಕೆಂಪನ್ನೇ. ಸಂವೇದಕದ ಕೆಂಪು ಗಾಜಿನ ಬಿಂದುಗಳು ತುಂಬಿ ಚೆಲ್ಲುತ್ತವೆ. ಹಸಿರು, ನೀಲಿ ಬಿಂದುಗಳು ಹೆಚ್ಚುಕಡಿಮೆ ಬರಿದು. ಮೂರನ್ನೂ ಬೆರೆಸಿ ಸರಾಸರಿ ತೋರಿಸುವ ಹಿಸ್ಟೊಗ್ರಾಮ್‌ಗೆ ಅದು ಗೊತ್ತಾಗುವುದಿಲ್ಲ. ಅವಳು ಮೂರೂ ಬಣ್ಣಗಳನ್ನು ಬಿಡಿಬಿಡಿಯಾಗಿ ತೋರುವ ನೋಟಕ್ಕೆ ಬದಲಿಸಿದಾಗ ಕೆಂಪಿನ ಗೆರೆ ಬಲತುದಿಯ ಗೋಡೆಗೆ ಅಂಟಿಕೊಂಡಿತ್ತು. ಒಂದೆರಡು ಬಣ್ಣ ಮಾತ್ರ ಚೆಲ್ಲಿದ್ದರೆ ಉಳಿದ ಬಣ್ಣದ ಆಧಾರದಲ್ಲಿ ತಂತ್ರಾಂಶ ಒಂದು ಊಹೆ ಕಟ್ಟಬಲ್ಲದು. ಅವಳು ಕಟ್ಟಿಸಿದಳು. ಕೋರೆಹಲ್ಲಿನ ಅಂಚು, ಮೂಗಿನ ಮೇಲಿನ ಉಂಡೆ ಅಷ್ಟಿಷ್ಟು ಬಂದವು. ಕೆನ್ನೆ ಬರಲಿಲ್ಲ.

"ರಾ ಅಂದರೆ ಏನು ಬೇಕಾದರೂ ಬರುತ್ತದೆ ಎಂದು ಮದುವೆಯ ಫೋಟೊದವರು ನನಗೆ ಹೇಳುತ್ತಾರೆ," ಎಂದಳು ಅವಳು. "ಚೆಲ್ಲಿಹೋದದ್ದು ರಾದಲ್ಲೂ ಇಲ್ಲ. ಮುಂದಿನ ವರ್ಷ ಕೆಂಪು ದೀಪ ಬಂದಾಗ ಎರಡು ಸ್ಟಾಪ್ ಇಳಿಸಿಯೇ ತೆಗೆಯುತ್ತೇನೆ."

ಹಿರಿಯರು ಆಗ ಬಹಳ ಹೊತ್ತಿನಿಂದ ಮನಸ್ಸಿನಲ್ಲಿದ್ದುದನ್ನು ಕೇಳಿದರು. "ಇಷ್ಟೆಲ್ಲ ತಿದ್ದಿದ ಮೇಲೆ ಇದು ಆ ರಾತ್ರಿಯ ಚಿತ್ರವೋ, ನಿನ್ನ ಚಿತ್ರವೋ?"

ಪ್ರಶ್ನೆ ಅವರೊಬ್ಬರದಲ್ಲ. 2015ರ ನವೆಂಬರಿನಲ್ಲಿ ರಾಯ್ಟರ್ಸ್ ಸುದ್ದಿಸಂಸ್ಥೆ ತನ್ನ ಫ್ರೀಲ್ಯಾನ್ಸ್ ಛಾಯಾಗ್ರಾಹಕರಿಗೆ, ರಾ ಫೈಲಿನಿಂದ ತಯಾರಿಸಿದ ಚಿತ್ರ ಕಳಿಸಬೇಡಿ, ಕ್ಯಾಮೆರಾವೇ ಮಾಡಿದ ಜೆಪೆಗ್ ಕಳಿಸಿ ಎಂದು ತಿಳಿಸಿತು. ಅದೇ ವರ್ಷದ ವರ್ಲ್ಡ್ ಪ್ರೆಸ್ ಫೋಟೊ ಸ್ಪರ್ಧೆಯಲ್ಲಿ ಕೊನೆಯ ಸುತ್ತಿನ ಹಿಂದಿನ ಹಂತ ತಲುಪಿದ್ದ ಚಿತ್ರಗಳಲ್ಲಿ ಶೇ. 20ರಷ್ಟನ್ನು, ಮೂಲ ಫೈಲಿನ ಜೊತೆ ಹೋಲಿಸಿ ನೋಡಿ, ಅತಿಯಾಗಿ ತಿದ್ದಿದ್ದಕ್ಕಾಗಿ ಹೊರಗಿಟ್ಟರು. ಒಂದು ಕಡೆ ರಾ ಫೈಲು ಬೇಡವೆನಿಸಿದ ವಸ್ತು. ಇನ್ನೊಂದು ಕಡೆ ಅದೇ ಸಾಕ್ಷಿ.

"ಅರದಾಳ ಹಳದಿಯಾಗಿತ್ತು, ನಾನು ಕಣ್ಣಾರೆ ನೋಡಿದ್ದೇನೆ," ಎಂದಳು ಅವಳು. "ಕ್ಯಾಮೆರಾ ಅದನ್ನು ಬೂದಿ ಮಾಡಿತ್ತು. ಯಾವುದು ಸುಳ್ಳು? ಇಲ್ಲದ ದೀವಟಿಗೆಯನ್ನು ನಾನು ತಂದು ನೆಟ್ಟರೆ ಅದು ಸುಳ್ಳು. ಮಹಿಷಾಸುರನ ಕೆನ್ನೆಯನ್ನು ಬೇರೆ ಚಿತ್ರದಿಂದ ತಂದು ಅಂಟಿಸಿದರೆ ಅದು ಸುಳ್ಳು. ಅದಕ್ಕೇ ಆ ಕೆನ್ನೆಯನ್ನು ಹಾಗೆಯೇ ಬಿಟ್ಟಿದ್ದೇನೆ."

ಹಿರಿಯರು ತಲೆಯಾಡಿಸಿದರು. ಅವರ ಕಾಲದಲ್ಲೂ ಎನ್‌ಲಾರ್ಜರ್ ಬೆಳಕಿನ ಅಡಿಯಲ್ಲಿ ಅಂಗೈ ಆಡಿಸಿ ಮುಖಕ್ಕೆ ನೆರಳು ಹಿಡಿಯುತ್ತಿದ್ದರು, ಆಕಾಶಕ್ಕೆ ನಾಲ್ಕು ಸೆಕೆಂಡು ಹೆಚ್ಚು ಕೊಡುತ್ತಿದ್ದರು. ಕಾಗದದ ಒಂದು ಪಟ್ಟಿಯ ಮೇಲೆ ಐದು, ಹತ್ತು, ಹದಿನೈದು ಸೆಕೆಂಡು ಬೆಳಕು ಬಿಟ್ಟು ಪರೀಕ್ಷೆ ನೋಡುತ್ತಿದ್ದರು. ಒಂದೇ ಚಿತ್ರದ ಮೂರು ಅರ್ಥಗಳನ್ನು ಪಕ್ಕಪಕ್ಕ ಇಟ್ಟು ನೋಡುವ ಆ ಪಟ್ಟಿ ಈಗಲೂ ಬೇಕು ಎಂದು ಅವರ ಅಭಿಪ್ರಾಯ. ಡಾರ್ಕ್‌ಟೇಬಲ್‌ನಲ್ಲಿ ಪ್ರತಿ ಮಾಡಿ, ಲೈಟ್‌ರೂಮ್‌ನಲ್ಲಿ ವರ್ಚುವಲ್ ಕಾಪಿ ಮಾಡಿ ಅದನ್ನು ಪಡೆಯಬಹುದು. ರಾ ಫೈಲು ಒಂದೇ, ಸೂಚನೆಗಳ ಚೀಟಿ ಮಾತ್ರ ಮೂರು. ಅವಳಿಗೆ ಅದು ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಮಹಿಷಾಸುರನಿಗೆ ಮೂರು ಚೀಟಿ ಬರೆದಳು, ಮೂರನೆಯದನ್ನು ಉಳಿಸಿಕೊಂಡಳು.

ಇನ್ನು ಮುಗಿಸಬೇಕು. ಮೌಸ್ ಮೇಲಿನ ಪಟ್ಟಿಗೆ ಹೋಯಿತು, ಕೆಳಗಿನ ಪಟ್ಟಿಗೆ ಹೋಯಿತು, ನಿಂತಿತು.

"ಮೊದಮೊದಲು ಇಲ್ಲೇ ಕಾಲು ಗಂಟೆ ಹುಡುಕಿದ್ದೆ, ಈಗಲೂ ಕೈ ತಾನಾಗಿ ಹುಡುಕುತ್ತದೆ," ಎಂದಳು. "ಸೇವ್ ಎಲ್ಲಿ?"

ಸೇವ್ ಇಲ್ಲ. ರಾ ತಂತ್ರಾಂಶಗಳಲ್ಲಿ ಹೆಚ್ಚಿನವುಗಳಲ್ಲಿ ಇಲ್ಲ. ಮೂಲವನ್ನು ಅವು ಮುಟ್ಟುವುದೇ ಇಲ್ಲವಾದ್ದರಿಂದ ಉಳಿಸುವುದಕ್ಕೇನೂ ಇರುವುದಿಲ್ಲ. ಸ್ಲೈಡರ್ ಎಳೆದ ಕ್ಷಣದಲ್ಲೇ ಸೂಚನೆ ದಾಖಲಾಗಿರುತ್ತದೆ. ಹೊರಗೆ ಕೊಡುವುದಕ್ಕೆ ಬೇಕಾದದ್ದು 'ಎಕ್ಸ್‌ಪೋರ್ಟ್'. ಇದೇ ವಿಷಯಕ್ಕೆ ಗಿಂಪ್ ಒಮ್ಮೆ ದೊಡ್ಡ ಜಗಳವನ್ನೇ ಎದುರಿಸಿತು. 2012ರಲ್ಲಿ ಬಂದ 2.8ನೆಯ ಆವೃತ್ತಿಯಲ್ಲಿ 'ಸೇವ್' ಎಂದರೆ ಗಿಂಪ್‌ನ ಸ್ವಂತ ರೂಪಕ್ಕೆ ಮಾತ್ರ, ಜೆಪೆಗ್ ಬೇಕಾದರೆ 'ಎಕ್ಸ್‌ಪೋರ್ಟ್' ಎಂದು ಬೇರೆ ಮಾಡಿದರು. ಪದರಗಳಿರುವ ಕೆಲಸವನ್ನು ಜೆಪೆಗ್ ಮಾಡಿ ಮುಚ್ಚಿ, ಪದರ ಕಳೆದುಕೊಳ್ಳುವವರನ್ನು ಕಾಪಾಡುವುದು ಉದ್ದೇಶ. ಒಂದು ಜೆಪೆಗ್ ತೆರೆದು, ಅಂಚು ಕತ್ತರಿಸಿ, ಮತ್ತೆ ಅಲ್ಲೇ ಇಡುವವರಿಗೆ ಅದು ದಿನಕ್ಕೆ ಇಪ್ಪತ್ತು ಸಲ ಎದುರಾಗುವ ಕಿರಿಕಿರಿ. ತಂಡ ತನ್ನ ತೀರ್ಮಾನವನ್ನು ಬಿಡಲಿಲ್ಲ.

"ತಂಡ ಸರಿ," ಎಂದ ವಿನ್ಯಾಸಕಾರ. "ಕೆಲಸ ಕಳೆದುಕೊಳ್ಳುವುದು ಕಿರಿಕಿರಿಗಿಂತ ದೊಡ್ಡ ನಷ್ಟ. ಆದರೆ ಕೈಗೆ ಇಪ್ಪತ್ತು ವರ್ಷದಿಂದ ರೂಢಿಯಾದ ಗುಂಡಿಯ ಅರ್ಥ ಬದಲಿಸುವವರು ಆ ಕೈಯನ್ನು ಅಲ್ಲೇ, ಅದೇ ಗುಂಡಿಯ ಬಳಿ, ಮುಂದಿನ ದಾರಿಗೆ ಒಯ್ಯಬೇಕು."

ಸೂಚನೆ ದಾಖಲಾಗುವುದು ಎಲ್ಲಿ ಎಂಬುದು ಹಿರಿಯರ ಪ್ರಶ್ನೆ. ನೆಗೆಟಿವ್ ಹಾಕಿಟ್ಟ ಲಕೋಟೆಗಳ ಬೀರು ಅವರ ಬೆನ್ನ ಹಿಂದೆಯೇ ಇತ್ತು. ಡಾರ್ಕ್‌ಟೇಬಲ್ ತನ್ನ ಡೇಟಾಬೇಸಿನಲ್ಲೂ, ಚಿತ್ರದ ಪಕ್ಕದಲ್ಲೇ ಎಕ್ಸ್‌ಎಂಪಿ ಎಂಬ ಸಣ್ಣ ಚೀಟಿಯಲ್ಲೂ ಬರೆದಿಡುತ್ತದೆ. ಲೈಟ್‌ರೂಮ್ ಕ್ಲಾಸಿಕ್ ಎಲ್ಲವನ್ನೂ ತನ್ನ ಕೆಟಲಾಗ್‌ನಲ್ಲಿ ಇಡುತ್ತದೆ. ಪಕ್ಕದ ಚೀಟಿ ಬೇಕಾದರೆ ಸೆಟ್ಟಿಂಗ್ಸ್‌ಗೆ ಹೋಗಿ ಹೇಳಬೇಕು. ಅವಳು ಹಿಂದೆ ಬಳಸುತ್ತಿದ್ದ ಒಂದು ತಂತ್ರಾಂಶದಲ್ಲಿ, ಜಾಗ ಸಾಲದೆಂದು ಫೋಲ್ಡರನ್ನು ಹೊರಗಿನಿಂದ ಎತ್ತಿ ಬೇರೆ ಡಿಸ್ಕಿಗೆ ಹಾಕಿದ ಮರುದಿನ ಚಿತ್ರಗಳ ಜಾಗದಲ್ಲೆಲ್ಲ ಪ್ರಶ್ನೆಗುರುತು ಬಂದಿತ್ತು. ಆ ರಾತ್ರಿ ಅವಳು ಅತ್ತಿದ್ದಳು. ಫೈಲುಗಳು ಇದ್ದವು, ತಂತ್ರಾಂಶಕ್ಕೆ ದಾರಿ ತಪ್ಪಿತ್ತು ಅಷ್ಟೆ ಎಂದು ತಿಳಿಯಲು ಎರಡು ದಿನ ಹಿಡಿಯಿತು.

"ಇನ್ನೂ ಕೆಟ್ಟದ್ದು ಆಗಿದೆ," ಎಂದ ವಿನ್ಯಾಸಕಾರ. ಆ್ಯಪಲ್ ಕಂಪನಿ 2005ರಲ್ಲಿ ಅಪರ್ಚರ್ ಎಂಬ ರಾ ತಂತ್ರಾಂಶ ತಂದಿತು. ಅಡೋಬಿ ಲೈಟ್‌ರೂಮ್‌ನ ಮೊದಲ ಆವೃತ್ತಿ ತಂದದ್ದು 2007ರಲ್ಲಿ. ಎಷ್ಟೋ ಜನ ಅಪರ್ಚರನ್ನು ಮೆಚ್ಚಿ ವರ್ಷಗಟ್ಟಲೆ ಕೆಲಸ ಅದರಲ್ಲಿ ಇಟ್ಟರು. 2014ರ ಜೂನಿನಲ್ಲಿ ಆ್ಯಪಲ್ ಇನ್ನು ಅದನ್ನು ಬೆಳೆಸುವುದಿಲ್ಲ ಎಂದಿತು. ಲೈಟ್‌ರೂಮ್‌ಗೆ ಬರುವವರಿಗಾಗಿ ಅಡೋಬಿ ಸೇತುವೆ ಕಟ್ಟಿಕೊಟ್ಟಿತು. ಚಿತ್ರ ಬಂದವು, ಗುರುತುಪದ ಬಂದವು, ನಕ್ಷತ್ರ ಬಂದವು. ಚಿತ್ರಗಳ ಮೇಲೆ ಮಾಡಿದ ತಿದ್ದುಪಡಿ ಬರಲಿಲ್ಲ. ಒಂದು ತಂತ್ರಾಂಶದ ಚೀಟಿ ಇನ್ನೊಂದಕ್ಕೆ ಓದಲು ಬರುವುದಿಲ್ಲ.

"ಪದ್ಯ ಉಳಿಯಿತು, ಅರ್ಥ ಹೋಯಿತು," ಎಂದರು ಹಿರಿಯರು. ಎದ್ದು ಬೀರು ತೆಗೆದರು. 1983ರದೊಂದು ಲಕೋಟೆಯಿಂದ ನೆಗೆಟಿವ್ ಮತ್ತು ಅದರ ಜೊತೆಗಿಟ್ಟ ಪ್ರಿಂಟ್ ಎರಡನ್ನೂ ಹೊರಗೆ ತೆಗೆದರು. ಪ್ರಿಂಟಿನ ಬೆನ್ನಲ್ಲಿ ಪೆನ್ಸಿಲಿನಿಂದ ಕಾಗದದ ಗ್ರೇಡ್, ಸೆಕೆಂಡುಗಳು. "ಇದಕ್ಕೇ ನಾವು ಎರಡನ್ನೂ ಇಡುತ್ತಿದ್ದದ್ದು."

ಪದ್ಯಕ್ಕೂ ಅಪಾಯ ಇಲ್ಲದಿಲ್ಲ. ಒಂದೊಂದು ಕ್ಯಾಮೆರಾ ಕಂಪನಿಯ ರಾ ರೂಪವೂ ಬೇರೆ, ಹೆಚ್ಚಿನವು ಗುಟ್ಟಿನವು. ಅವುಗಳನ್ನು ಒಂದೊಂದಾಗಿ ಬಿಡಿಸಿ ಎಲ್ಲರಿಗೂ ತೆರೆದಿಟ್ಟವರು ಡೇವ್ ಕಾಫಿನ್. 1997ರಿಂದ 2018ರವರೆಗೆ ಒಬ್ಬರೇ ಬರೆದ ಡಿಸಿರಾ ಎಂಬ ಕಾರ್ಯಕ್ರಮ ಎಷ್ಟೋ ತಂತ್ರಾಂಶಗಳ ಬುನಾದಿಯಾಯಿತು. ಆ ಕೆಲಸವನ್ನು ಈಗ ಲಿಬ್‌ರಾ ಮುಂದುವರಿಸಿದೆ. ಅಡೋಬಿ 2004ರಲ್ಲಿ ಡಿಎನ್‌ಜಿ ಎಂಬ ತೆರೆದ ರೂಪವನ್ನೂ ಪ್ರಕಟಿಸಿತು. ಈ ಕಡೆ ಹೆದರಿಕೆ ಕಡಿಮೆ. ಹೆದರಿಕೆ ಇರುವುದು ಅರ್ಥದ ಕಡೆಗೇ. ಹಾಗೆಂದು ಈ ವಿಷಯದಲ್ಲಿ ಒಳ್ಳೆಯ ನಡತೆಯೂ ಉಂಟು: 2012ರಲ್ಲಿ ಲೈಟ್‌ರೂಮ್ 4 ತನ್ನ ಮುಖ್ಯ ಸ್ಲೈಡರುಗಳ ಲೆಕ್ಕವನ್ನೇ ಬದಲಿಸಿದಾಗ ಹಳೆಯ ಚಿತ್ರಗಳನ್ನು ಹಳೆಯ ಲೆಕ್ಕದಲ್ಲೇ ಬಿಟ್ಟಿತು. ಡಾರ್ಕ್‌ಟೇಬಲ್ ಕೂಡ ಹಳೆಯ ಮನೆಗಳನ್ನು ಹೊಸ ಚಿತ್ರಗಳಿಗೆ ಮುಚ್ಚಿದರೂ ಹಳೆಯ ಚಿತ್ರಗಳಿಗೆ ತೆರೆದಿಡುತ್ತದೆ. ಬಳಕೆಯ ಸುಲಭತೆಯ ಮಾತಾಡುವವರು ಗುಂಡಿ, ಬಣ್ಣ, ಅಕ್ಷರಗಳ ಬಗ್ಗೆ ಬಹಳ ಹೇಳುತ್ತಾರೆ. ಹತ್ತು ವರ್ಷದ ಮೇಲೆ ತೆರೆದರೂ ಚಿತ್ರ ನಾವು ಬಿಟ್ಟಂತೆಯೇ ಇರಬೇಕು ಎಂಬ ಈ ಮಾತು ಅವುಗಳೆಲ್ಲಕ್ಕಿಂತ ಮೇಲೆ ಬರೆಯಬೇಕಾದದ್ದು.

ವಿನ್ಯಾಸಕಾರ ಪುಸ್ತಕ ಮುಚ್ಚಿದ. ಅಲ್ಲಿ ನಾಲ್ಕು ತಡೆಗಳಿದ್ದವು, ಒಂದು ಗೆರೆ ಇತ್ತು. ಡಾರ್ಕ್‌ಟೇಬಲ್ ಕಟ್ಟುವವರಿಗೆ ಆ ನಾಲ್ಕನ್ನೂ ಬರೆದು ಕಳಿಸುವುದಾಗಿ ಹೇಳಿದ; ಸ್ವಯಂಸೇವಕರ ತಂತ್ರಾಂಶದಲ್ಲಿ ಹೇಳಿದವರ ಮಾತು ಮಾಡುವವರ ಕಿವಿಗೆ ನೇರ ಬೀಳುತ್ತದೆ.

"ನಾಲ್ಕು ಸಾವಿರದಲ್ಲಿ ಎಷ್ಟನ್ನು ಉಳಿಸಿಕೊಳ್ಳುತ್ತೀ?" ಎಂದು ಹಿರಿಯರು ಕೇಳಿದರು.

"ಅರವತ್ತು."

"ಆ ಅರವತ್ತಕ್ಕೆ ರಾ, ಅದರ ಪಕ್ಕದ ಚೀಟಿ, ಮತ್ತು ಮುಗಿಸಿದ ಚಿತ್ರದ 16 ಬಿಟ್ ಟಿಫ್, ಮೂರನ್ನೂ ಒಂದೇ ಫೋಲ್ಡರಿನಲ್ಲಿ ಇಡು. ಎರಡು ಡಿಸ್ಕಿನಲ್ಲಿ ಇಡು, ಒಂದು ನಿನ್ನ ಮನೆಯಲ್ಲಿ, ಒಂದು ಇಲ್ಲಿ ನನ್ನ ಬೀರುವಿನಲ್ಲಿ. ಮಳೆ ಹಿಡಿಯುವ ಮೊದಲೇ ಮಾಡು."

ಅವಳು ಮೊದಲ ಚಿತ್ರವನ್ನು, ಚೌಕಿಯ ಬಣ್ಣದ ವೇಷವನ್ನು ಆರಿಸಿ, ಟಿಫ್ ಎಂದು ಗುರುತಿಸಿ, ಎಕ್ಸ್‌ಪೋರ್ಟ್ ಒತ್ತಿದಳು.